ಬಿಟ್ಟಿ, ಕೂಲಿ, ಮುಯ್ಯಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಮಾತನ್ನು ನಾವೆಲ್ಲ ಖರ್ಚಿನ ಲೆಕ್ಕದಲ್ಲೇ ಅರ್ಥಮಾಡಿಕೊಳ್ಳುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ಈ ಎರಡು ಕೆಲಸಗಳನ್ನೂ ಒಬ್ಬರೇ ಮಾಡಲಾಗುವುದಿಲ್ಲ. ಯಾರು ಬರುತ್ತಾರೆ, ಯಾರು ಬರುವುದಿಲ್ಲ, ಬಂದವರು ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದು ಆಗ ಗೊತ್ತಾಗುತ್ತದೆ. ಮದುವೆಯಲ್ಲಿ ಕೊಡುವ ಉಡುಗೊರೆಗೆ ಹಳೇ ಮೈಸೂರಿನ ಕಡೆ ಮುಯ್ಯಿ ಎನ್ನುತ್ತಾರೆ, ನಮ್ಮ ಕಡೆ ಆಯಾರ. ಚಪ್ಪರದ ಮೂಲೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು ಯಾರದು ಎಷ್ಟು ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ಅವರ ಮನೆಯಲ್ಲಿ ಮದುವೆಯಾದಾಗ ನಾವು ಆ ಪುಸ್ತಕ ತೆಗೆದು ನೋಡಿ, ಅದಕ್ಕೆ ಸ್ವಲ್ಪ ಮೇಲಿಟ್ಟು ಕೊಟ್ಟು ಬರುತ್ತೇವೆ. ಹೊಲದ ಕೆಲಸದಲ್ಲಿ ಇದೇ ಮುಯ್ಯಾಳು ಆಗುತ್ತದೆ. ಎರಡು ದಿನ ನಿನ್ನ ಹೊಲದಲ್ಲಿ ನಾನು, ಎರಡು ದಿನ ನನ್ನ ಹೊಲದಲ್ಲಿ ನೀನು. ನಡುವೆ ದುಡ್ಡಿನ ಮಾತಿಲ್ಲ. ವಿಚಿತ್ರವೆಂದರೆ ಸೇಡಿಗೂ ಇದೇ ಶಬ್ದ. ಒಮ್ಮೆ ಸ್ವಂತ ವಾಕ್ಯದಲ್ಲಿ ಬಳಸಿರಿ ಎಂದು ಈ ಪದ ಕೊಟ್ಟಾಗ ಇಡೀ ತರಗತಿ 'ಮುಯ್ಯಿ ತೀರಿಸಿಕೊಂಡನು' ಎಂದು ಹೊಡೆದಾಟದ ವಾಕ್ಯವನ್ನೇ ಬರೆದು ತಂದಿತ್ತು. ಸಾಲ ತೀರಿಸುವ ಕಡೆಯ ಅರ್ಥ ಒಂದು ಮಗುವಿಗೂ ಗೊತ್ತಿರಲಿಲ್ಲ.

ಮುಯ್ಯಿಯ ಪಕ್ಕದಲ್ಲೇ ಇನ್ನೆರಡು ಶಬ್ದಗಳಿವೆ. ಕೂಲಿ ಎಂದರೆ ವಿವರಿಸಬೇಕಿಲ್ಲ. ಬಿಟ್ಟಿ ಎಂಬುದು ಮಾತ್ರ ತನ್ನ ಹುಟ್ಟನ್ನೇ ಮರೆಸಿಕೊಂಡು ಓಡಾಡುತ್ತಿದೆ. ಸೀರೆಯ ಜೊತೆ ರವಿಕೆ ಕಣ ಬಿಟ್ಟಿ ಸಿಕ್ಕಿತು ಎಂದು ನಾವು ನಗುತ್ತಾ ಹೇಳುತ್ತೇವೆ. ಇದು ಸಂಸ್ಕೃತದ ವಿಷ್ಟಿ ಎಂಬ ಶಬ್ದದ ತದ್ಭವ, ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ. ಹಳೆಯ ಶಾಸನಗಳಲ್ಲಿ ಇದು ತೆರಿಗೆಗಳ ಸಾಲಿನಲ್ಲೇ ಬರುತ್ತದೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 23ನೇ ವಿಧಿ ಇದನ್ನು ನಿಷೇಧಿಸಿತು. 1976ರಲ್ಲಿ ಜೀತಪದ್ಧತಿ ರದ್ದತಿಯ ಕಾಯ್ದೆ ಬಂತು. ನಾನು ಇದನ್ನೆಲ್ಲ ಎಷ್ಟೋ ವರ್ಷ ಸಮಾಜ ವಿಜ್ಞಾನದ ಪಾಠದಲ್ಲಿ ಹೇಳಿದ್ದೇನೆ. ಆದರೆ ಬಿಟ್ಟಿ, ಕೂಲಿ, ಮುಯ್ಯಿ ಇವು ಒಂದಕ್ಕಿಂತ ಒಂದು ಎಲ್ಲಿ ಬೇರೆಯಾಗುತ್ತವೆ ಎಂದು ನಿಂತು ಯೋಚಿಸಿದ್ದು 2023ರ ಬೇಸಿಗೆಯಲ್ಲಿ, ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದು ಬುನಾದಿ ತೋಡುವಾಗ.

ಬುನಾದಿ ನನ್ನ ಮಗನ ವರ್ಕ್‌ಶಾಪಿನದು. ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿದ್ದ. 2020ರ ಲಾಕ್‌ಡೌನಿನಲ್ಲಿ ಅದು ಮುಚ್ಚಿತು. ರಾಣೆಬೆನ್ನೂರಿಗೆ ಬಂದು ಬಾಡಿಗೆಯ ತಗಡಿನ ಶೆಡ್ಡಿನಲ್ಲಿ ಬೋರ್‌ವೆಲ್ ಮೋಟಾರು, ಔಷಧಿ ಹೊಡೆಯುವ ಪಂಪು ರಿಪೇರಿ ಶುರುಮಾಡಿದ. ಮೂರು ವರ್ಷದಲ್ಲಿ ಕೆಲಸ ಕೈಹತ್ತಿ ಒಂದು ಹಳೆಯ ಲೇಥ್ ಯಂತ್ರ ಕೊಂಡ. ಒಂದು ಟನ್ನಿನ ಹತ್ತಿರ ತೂಗುವ ಆ ಯಂತ್ರ ನೆಲ ಗಟ್ಟಿಯಿಲ್ಲದಿದ್ದರೆ ನಡುಗುತ್ತದಂತೆ, ನಡುಗಿದರೆ ಕಡೆದ ವಸ್ತು ಸರಿಯಾಗಿ ದುಂಡಗಾಗುವುದಿಲ್ಲವಂತೆ. ಆದ್ದರಿಂದ ಹಿತ್ತಿಲಿನಲ್ಲಿ 20 ಅಡಿ ಉದ್ದ, 12 ಅಡಿ ಅಗಲದ ಕೋಣೆ ಕಟ್ಟುವುದೆಂದಾಯಿತು.

ನಮ್ಮದು ಎರೆಮಣ್ಣಿನ ನೆಲ. ಹತ್ತಿ ಮೆಣಸಿನಕಾಯಿಗೆ ತಾಯಿಯಂಥ ಈ ಮಣ್ಣು ಮನೆ ಕಟ್ಟುವವರಿಗೆ ಮಲತಾಯಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರಿಸುವಷ್ಟು ಬಿರುಕು ಬಿಡುತ್ತದೆ. ಮೇಲಿಟ್ಟ ಗೋಡೆಯೂ ಅದರ ಜೊತೆ ಏರಿಳಿದು ಸೀಳುತ್ತದೆ. ಆದ್ದರಿಂದ ಕರಿಮಣ್ಣು ಮುಗಿದು ಗಟ್ಟಿ ಗರಸು ಸಿಗುವ ತನಕ ಇಳಿಯಬೇಕು. ನಮಗೆ ಅದು ಸಿಕ್ಕಿದ್ದು ನಾಲ್ಕೂವರೆ ಅಡಿಗೆ. ಎರಡೂವರೆ ಅಡಿ ಅಗಲದ ಕಾಲುವೆ ಸುತ್ತಲೂ ತೋಡಿದರೆ ಏಳು ನೂರು ಘನ ಅಡಿ ಮಣ್ಣು. ಕಲ್ಲು, ಸಿಮೆಂಟು, ಆಳಿನ ಲೆಕ್ಕ ಹಾಕಿದಾಗ ಮಗನ ಉಳಿತಾಯ ಬುನಾದಿಯಲ್ಲೇ ಮುಗಿಯುವಂತೆ ಕಂಡಿತು. ಆಗ ಎಲ್ಲರ ಕಣ್ಣು ಹೋದದ್ದು ಊರ ಮನೆಯ ಕಲ್ಲಿನ ಮೇಲೆ.

ಊರ ಮನೆ ಎಂದರೆ ನಮ್ಮ ಮಾವನವರದು, ವರದಾ ನದಿಯ ಕಡೆಯ ಹಳ್ಳಿಯಲ್ಲಿ. ಬಾಗಿಲ ಚೌಕಟ್ಟಿನ ಮೇಲೆ 1938 ಎಂದು ಕೆತ್ತಿತ್ತು. ಗೌಡಕಿಯ ಮನೆ, ಎರಡಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಯಾರೂ ವಾಸವಿರಲಿಲ್ಲ. 2019ರ ಆಗಸ್ಟಿನ ನೆರೆಯಲ್ಲಿ ಒಂದು ಪಕ್ಕ ಕುಸಿದು ಬಿತ್ತು, ಉಳಿದದ್ದನ್ನು ನಾವೇ ಇಳಿಸಬೇಕಾಯಿತು. ಆಗ ಒಂದು ಸಂಗತಿ ಗಮನಿಸಿದೆ. ಹಳೆಯ ಗೋಡೆ ಕೆಸರಿನಲ್ಲಿ ಕಟ್ಟಿದ್ದು. ಹಾರೆ ತೂರಿಸಿ ಮೀಟಿದರೆ ಕಲ್ಲು ಇಡಿಯಾಗಿ, ಎಂಬತ್ತು ವರ್ಷದ ಹಿಂದೆ ಹೇಗಿಟ್ಟಿದ್ದರೋ ಹಾಗೇ ಕೈಗೆ ಬರುತ್ತಿತ್ತು. ನನ್ನ ಮೈದುನ ಆಮೇಲೆ ಸಿಮೆಂಟಿನಲ್ಲಿ ಕಟ್ಟಿಸಿದ ಬಚ್ಚಲುಮನೆಯಲ್ಲಿ ಒಂದೇ ಒಂದು ಇಟ್ಟಿಗೆಯೂ ಇಡಿಯಾಗಿ ಬಿಡಿಸಿಕೊಂಡು ಬರಲಿಲ್ಲ, ಎಲ್ಲ ಚೂರು. ಬಿಡಿಸಲು ಬರುವಂತೆ ಕಟ್ಟಿದ್ದಷ್ಟೇ ಮತ್ತೆ ಉಪಯೋಗಕ್ಕೆ ಬಂತು.

ಕಲ್ಲು ಯಾರದು? ಕಾಗದದ ಪ್ರಕಾರ ನಮ್ಮ ಮನೆಯವರದು ಮತ್ತು ಮೈದುನನದು. 2011ರಲ್ಲಿ ಪಾಲಾದಾಗ ನನ್ನ ನಾದಿನಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದಳು. ಕರ್ನಾಟಕದ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟರೂ ಆಗಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಅಂತರ ತೆಗೆದು ಅವರನ್ನೂ ಸೇರಿಸಿತು. ಅಂದರೆ 2011ರಲ್ಲಿ ಅವಳಿಗೆ ಪಾಲಿತ್ತು. ಅದಿದೆ ಎಂದು ಅಲ್ಲಿ ಕೂತವರೆಲ್ಲರಿಗೂ ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ಪತ್ರ ಬರೆಸಿದ್ದು. ಆದರೆ 'ನೀನು ಬಿಡ್ತೀಯೇನು' ಎಂದು ಯಾರೂ ಕೇಳಲಿಲ್ಲ. 'ಇಲ್ಲಿ ಸಹಿ ಮಾಡು ತಂಗಿ' ಎಂದರು, ಅಷ್ಟೆ. ಒಳಗೆ ಚಹಾ ಸೋಸುತ್ತಿದ್ದ ನನ್ನನ್ನಂತೂ ಯಾರೂ ಯಾವುದಕ್ಕೂ ಕೇಳುವ ಪ್ರಶ್ನೆಯೇ ಇರಲಿಲ್ಲ. ಪ್ರೀತಿಯ ಮನೆಗಳಲ್ಲಿ ಇದು ಹೀಗೇ ನಡೆಯುತ್ತದೆ. ಓದುವ ನಿಮ್ಮಲ್ಲಿ ಎಷ್ಟೋ ಜನ ಅಂಥ ಪೆನ್ನನ್ನು ಕೈಯಲ್ಲಿ ಹಿಡಿದಿರುತ್ತೀರಿ.

ಮಗ ಹಠ ಹಿಡಿದ, ಕಲ್ಲು ಮುಟ್ಟುವ ಮೊದಲು ಅತ್ತೆಯನ್ನು ಕೇಳಬೇಕು ಎಂದು. 'ಕಾಗದ ಆಗೇತಿ, ಇನ್ನೇನು ಕೇಳೂದು' ಎಂದರು ಇವರು. ಅವನು ಬೈಕು ಹತ್ತಿ ಬ್ಯಾಡಗಿ ಕಡೆಯ ಅವಳ ಹಳ್ಳಿಗೆ ಹೋಗಿ, 'ಅತ್ತೀ, ಊರ ಮನಿ ಕಲ್ಲು ವರ್ಕ್‌ಶಾಪಿಗೆ ಒಯ್ಯಲೇನು' ಎಂದು ಕೇಳಿದ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಒಯ್ಯಪಾ, ನಿನ್ನವೇ. ಆದರ ಬೀಸುಕಲ್ಲು ಮಾತ್ರ ಬುನಾದಿಗೆ ಹಾಕಬ್ಯಾಡ, ಅದು ನನಗಿರಲಿ' ಎಂದಳಂತೆ.

ಆ 'ಆದರ' ಎಂಬ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. 2011ರಲ್ಲೂ ಅವಳ ಮನಸ್ಸಿನಲ್ಲಿ ಒಂದು ಆದರೆ ಇದ್ದಿರಲೇಬೇಕು. ಕೇಳಿದ್ದರೆ ತಾನೆ ಅದು ಹೊರಗೆ ಬರುವುದು?

ಕಲ್ಲು ಸಾಗಿಸಲು ಐದು ಟ್ರೇಲರ್ ಹಿಡಿಯಿತು. ದಾರಿಯಲ್ಲಿ ಕಂಡವರೆಲ್ಲ 'ಬಿಟ್ಟಿ ಕಲ್ಲು ಸಿಕ್ಕವಲ್ಲ' ಎಂದು ಹೊಟ್ಟೆಯುರಿದುಕೊಂಡರು. ತುಂಬುವುದಕ್ಕೆ ಊರಿನಲ್ಲೇ ನಾಲ್ಕು ಜನರನ್ನು ಕೂಲಿಗೆ ಹಿಡಿದಿದ್ದೆವು. ಅವರಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ ಇದ್ದ, ಊರ ಹೊರಗಿನ ಕೇರಿಯವನು. ಅವನ ಕೈಯಲ್ಲಿ ಕಲ್ಲು ಎತ್ತಿಸುವುದು ಬೇಡವೆಂದು ಎಣಿಸಿ ಹೇಳುವ ಕೆಲಸ ಕೊಟ್ಟಿದ್ದರು. ಮಧ್ಯಾಹ್ನ ನಾನು ಬುತ್ತಿ ಬಿಚ್ಚಿ ಬಡಿಸುವಾಗ ಅಜ್ಜ ಒಂದು ಮೂಲೆಗಲ್ಲನ್ನು ಅಂಗೈಯಲ್ಲಿ ಸವರುತ್ತಾ, 'ಇವು ನಮ್ಮಪ್ಪ ಹೊತ್ತ ಕಲ್ಲವಾ. ಗೌಡರ ಮನಿ ಕೆಲಸ, ಬಿಟ್ಟಿ' ಎಂದ. ದೂರಿನ ದನಿಯಲ್ಲ. ಮಳೆ ಬಂತು ಎನ್ನುವ ಹಾಗೆ ಹೇಳಿ ರೊಟ್ಟಿ ಮುರಿದ.

ಬೆಳಗಿನಿಂದ ನಾಲ್ಕಾರು ಸಲ ಕೇಳಿದ್ದ ಶಬ್ದವೇ. ಅವನ ಬಾಯಲ್ಲಿ ಮಾತ್ರ ಅದು ತನ್ನ ನಿಜವಾದ ಅರ್ಥದಲ್ಲಿತ್ತು. ಊರ ಅಧಿಕಾರಗಳು ತಲೆಮಾರಿನಿಂದ ತಲೆಮಾರಿಗೆ ಇಳಿಯುವುದನ್ನು ರದ್ದುಮಾಡಿದ ಕಾಯ್ದೆ 1961ರದು. ಅದಕ್ಕೆ ಮುಂಚೆ ಗೌಡರ ಮನೆಗೆ ಬಾ ಎಂದರೆ ಬರಬೇಕು. ಆ ಅಪ್ಪನಿಗೆ ಹೊಟ್ಟೆಗೆ ಹಾಕಿರಬಹುದು, ಹಬ್ಬಕ್ಕೆ ಧೋತರ ಕೊಟ್ಟಿರಬಹುದು. 'ಇವತ್ತು ಬರಲಾರೆ' ಎನ್ನುವ ಮಾತು ಮಾತ್ರ ಅವನ ಹತ್ತಿರ ಇರಲಿಲ್ಲ.

ಇಲ್ಲಿ ನನಗೆ ಒಂದು ತಿಳಿಯಿತು ಎಂದುಕೊಂಡಿದ್ದೇನೆ. ಮುಯ್ಯಿಯಲ್ಲೂ ದುಡ್ಡಿಲ್ಲ, ಬಿಟ್ಟಿಯಲ್ಲೂ ದುಡ್ಡಿಲ್ಲ. ಹಾಗಾದರೆ ಅವೆರಡನ್ನು ಬೇರೆ ಮಾಡುವುದು ದುಡ್ಡಲ್ಲ. ಕೇಳಿದರೋ ಇಲ್ಲವೋ, ಕೇಳಿದಾಗ ಇಲ್ಲ ಎನ್ನಲು ಬರುತ್ತಿತ್ತೋ ಇಲ್ಲವೋ, ಇದು. ಜೊತೆಗೆ, ನಾಳೆ ಅವರೂ ನನ್ನನ್ನು ಅಷ್ಟೇ ಸಲಿಗೆಯಿಂದ ಕೇಳಬಹುದೋ ಎಂಬುದೂ. ಗೌಡರು ಆ ಅಪ್ಪನ ಗುಡಿಸಲಿಗೆ ಕಲ್ಲು ಹೊರಲು ಹೋಗುವುದನ್ನು ಕಲ್ಪಿಸಿಕೊಂಡರೆ ಸಾಕು, ಅದು ಮುಯ್ಯಿ ಅಲ್ಲವೆಂದು ಗೊತ್ತಾಗುತ್ತದೆ.

ಹಾಗೆಂದು ಇಲ್ಲ ಎನ್ನಲು ಬಾರದ ಕೆಲಸವೆಲ್ಲ ಅನ್ಯಾಯವೇ ಎಂದರೆ ಅದೂ ಸುಳ್ಳು. ಅದೇ ಮೇ ತಿಂಗಳು 10ಕ್ಕೆ ವಿಧಾನಸಭೆ ಚುನಾವಣೆ. ಬುನಾದಿ ಅರ್ಧ ಆಗಿರುವಾಗ ನನಗೆ ಮತಗಟ್ಟೆ ಕೆಲಸದ ಆದೇಶ ಬಂತು. ಯಾರೂ ಬರುತ್ತೀರಾ ಎಂದು ಕೇಳಲಿಲ್ಲ, ಭತ್ತೆ ಕೊಟ್ಟರು, ಹೋಗಿಬಂದೆ. ಸಂವಿಧಾನದ ಅದೇ 23ನೇ ವಿಧಿಯ ಎರಡನೇ ಭಾಗ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ವಿಧಿಸಲು ಸರಕಾರಕ್ಕೆ ಅವಕಾಶ ಕೊಟ್ಟಿದೆ, ಧರ್ಮ ಜಾತಿ ವರ್ಗವೆಂದು ಭೇದ ಮಾಡಬಾರದು ಎಂಬ ಕಟ್ಟಿನ ಮೇಲೆ. ಎಲ್ಲರ ಸರದಿಯೂ ಬರುವ ಕಡ್ಡಾಯ ಬೇರೆ, ಒಂದೇ ಕೇರಿಗೆ ಬರುವ ಕಡ್ಡಾಯ ಬೇರೆ. ಆ ಸೆಕೆಯಲ್ಲಿ ಮತಯಂತ್ರ ಹೊತ್ತು ಬಸ್ಸಿಗೆ ಕಾಯುವಾಗ ನನಗೆ ಈ ಭೇದ ಅಷ್ಟು ಸ್ಪಷ್ಟವಾಗಿರಲಿಲ್ಲವೆನ್ನಿ.

ನಮ್ಮ ಮನೆಯವರು ಈ ವಾದವನ್ನು ಒಪ್ಪುವುದಿಲ್ಲ. 'ನಮ್ಮವರನ್ನ ಕೇಳೂದು ಅಂದರ ಅವರನ್ನ ಪರಕೀಯರನ್ನ ಮಾಡಿದಂಗ. ನಮ್ಮವ್ವ ಯಾವತ್ತರ ನಮ್ಮಪ್ಪಗ ಅನ್ನಕ್ಕ ನೀಡಲೇನು ಅಂತ ಕೇಳ್ಯಾಳೇನು' ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕಲಾರೆ. ನಮ್ಮ ಮನೆಮಾತಿನಲ್ಲಿ ಉಪಕಾರಕ್ಕೆ ಪ್ರತಿಯಾಗಿ ಸಹಜವಾಗಿ ಹೇಳುವ ಒಂದು ಶಬ್ದವೂ ಇಲ್ಲ. ಧನ್ಯವಾದ ಎಂಬುದು ಸಭೆಯ ಕೊನೆಗೆ ಹೇಳುವ ಮಾತು. ತಾಯಿಗೆ ಧನ್ಯವಾದ ಹೇಳಿದರೆ ಆಕೆ ಗಾಬರಿಯಾದಾಳು. ಅಗೆಯಲು ಶುರುಮಾಡಿದ ದಿನ ಪಕ್ಕದ ಮನೆಯವರು ಯಾರೂ ಕರೆಯದೆ ಹಾರೆ ಹೆಗಲಿಗೇರಿಸಿ ಬಂದರಲ್ಲ, ಅದಕ್ಕಿಂತ ದೊಡ್ಡದು ಯಾವುದಿದೆ? ಆದರೆ ಕೇಳದೆ ಬರುವುದು ಬೇರೆ, ಕೇಳದೆ ತೆಗೆದುಕೊಳ್ಳುವುದು ಬೇರೆ. ಇವರು ಹೇಳುವ ಪ್ರೀತಿ ಮೊದಲನೆಯದಕ್ಕೆ ಸಲ್ಲುತ್ತದೆ. ನಮ್ಮ ಮನೆಗಳಲ್ಲಿ ನಡೆಯುವುದು ಹೆಚ್ಚಾಗಿ ಎರಡನೆಯದು.

'ಕೆರೆಗೆ ಹಾರ' ಎಂಬ ನಮ್ಮ ಜನಪದ ಲಾವಣಿಯನ್ನು ತರಗತಿಯಲ್ಲಿ ಹೇಳುವಾಗ ಮಕ್ಕಳು ಅಳುತ್ತಾರೆ. ಕಲ್ಲನಕೇರಿಯ ಮಲ್ಲನಗೌಡ ತೋಡಿಸಿದ ಕೆರೆಗೆ ಹನಿ ನೀರು ಬರಲಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಹಾರ ಕೊಟ್ಟರು, ನೀರು ಬಂತು. ಅದನ್ನು ತ್ಯಾಗದ ಕಥೆಯೆಂದೇ ನಾವೆಲ್ಲ ಕಲಿತದ್ದು. ನನಗೆ ಅನಿಸುವುದು, ತ್ಯಾಗ ಎನ್ನಬೇಕಾದರೆ ಆಕೆಯನ್ನು ಒಮ್ಮೆಯಾದರೂ ಕೇಳಿರಬೇಕಿತ್ತು. ತವರಿಗೆ ಹೋದರೂ ತಂದೆತಾಯಿಗೆ ನಿಜ ಹೇಳಲಾಗದೆ ಗೆಳತಿಯೊಬ್ಬಳಿಗೆ ಮಾತ್ರ ಹೇಳಿಕೊಳ್ಳುತ್ತಾಳೆ. ಊರಿಗೆ ನೀರು ಬೇಕಿತ್ತು ಎಂಬುದು ನಿಜ. ಮಾವನಿಗೂ ದುಃಖವಾಗಿರಬಹುದು. ಅದರಿಂದ ಆ ಹುಡುಗಿಯ ಬಾಯಿಂದ ಹೊರಡದೆ ಉಳಿದ ಮಾತು ಕಡಿಮೆಯಾಗುವುದಿಲ್ಲ.

ಕೆಲಸ ನಡೆದದ್ದು ಹದಿನೈದು ದಿನ. ಬೇಸಿಗೆಯ ಎರೆಮಣ್ಣು ಕಬ್ಬಿಣದಂತಿತ್ತು, ರಾತ್ರಿ ನೀರು ಬಿಟ್ಟು ಬೆಳಿಗ್ಗೆ ಅಗೆದರು. ಗರಸು ಬಡಿದು, ಮೇಲೆ ಅರ್ಧ ಅಡಿ ಕಾಂಕ್ರೀಟು ಹಾಸಿ, ಇಬ್ಬರು ಗೌಂಡಿಗಳು ಕಲ್ಲು ಕೂರಿಸಿದರು. ನಾನು ಈವರೆಗೆ ಬುನಾದಿ ಎಂದರೆ ದೊಡ್ಡ ಕಲ್ಲುಗಳ ಕೆಲಸ ಎಂದೇ ತಿಳಿದಿದ್ದೆ. ಗೌಂಡಿ ಹೆಚ್ಚು ಹೊತ್ತು ಕಳೆದದ್ದು ಚಕ್ಕೆಗಳ ಮೇಲೆ. ಎರಡು ಕಲ್ಲುಗಳ ಸಂದಿನಲ್ಲಿ ಅಂಗೈಯಷ್ಟು, ಬೆರಳಷ್ಟು ಚಕ್ಕೆ ಹುಡುಕಿ ತುರುಕಿ ಬಡಿಯುವುದು. ಬರೀ ಗಾರೆ ತುಂಬಿಬಿಟ್ಟರೆ ದೊಡ್ಡ ಕಲ್ಲು ಅಲುಗುತ್ತದೆ ಎಂದ. ನಡುನಡುವೆ ಗೋಡೆಯ ಒಳಮೈಯಿಂದ ಹೊರಮೈಯವರೆಗೆ ಚಾಚುವ ಉದ್ದ ಕಲ್ಲೊಂದನ್ನು ಇಡದಿದ್ದರೆ ಎರಡು ಮೈಗಳೂ ಬಾಯಿ ಬಿಡುತ್ತವಂತೆ. ಅದಕ್ಕೆ ಊರ ಮನೆಯ ಮೆಟ್ಟಿಲುಗಲ್ಲುಗಳು ಒದಗಿದವು.

ನಾದಿನಿ ಮೂರು ದಿನಕ್ಕೆಂದು ಬಂದಳು. ಫೋನು ಮಾಡಿ ಕೇಳಿಯೇ ಕರೆದದ್ದು. ಚಕ್ಕೆ ಆರಿಸಿ ಗೌಂಡಿಯ ಕೈಗೆ ಕೊಡುವ ಕೆಲಸ ತಾನೇ ಹಿಡಿದಳು. ತಾನು ಆಡಿ ಬೆಳೆದ ಮನೆಯ ಕಲ್ಲುಗಳು ಅವು, ಯಾವುದು ಅಡಿಗೆಮನೆಯದು ಯಾವುದು ದನದ ಕೊಟ್ಟಿಗೆಯದು ಎಂದು ಗುರುತು ಹಿಡಿದು ಹೇಳುತ್ತಿದ್ದಳು. ಬೀಸುಕಲ್ಲನ್ನು ಮೊದಲ ದಿನವೇ ತೊಳೆದು ಜಗಲಿಯ ಮೇಲಿಟ್ಟಳು.

ಮಗ ಒಂದು ಪುಸ್ತಕ ಇಟ್ಟಿದ್ದ. ಯಾರು ಎಷ್ಟು ದಿನ, ಏನು ಕೆಲಸ. ಗೌಂಡಿ, ಕೂಲಿಯವರ ಲೆಕ್ಕ ಒಂದು ಕಡೆ, ಚಿಕ್ಕಪ್ಪ, ಅವನ ಮಕ್ಕಳು, ಅತ್ತೆ, ಪಕ್ಕದ ಮನೆಯವರು ಇನ್ನೊಂದು ಕಡೆ. ಮೈದುನನಿಗೆ ಇದು ಸೇರಲಿಲ್ಲ. 'ಏನೋ, ಸಾಲೀ ಮಾಸ್ತರನಂಗ ಹಾಜರಿ ತಗೀತೀಯಲ್ಲೋ' ಎಂದು ಗೇಲಿ ಮಾಡಿದ. ಮದುವೆಯ ಚಪ್ಪರದಲ್ಲಿ ಪುಸ್ತಕ ಹಿಡಿದು ಕೂತವನನ್ನು ನೋಡಿ ಯಾರೂ ನಗುವುದಿಲ್ಲ. ದುಡ್ಡನ್ನು ಬರೆದಿಟ್ಟರೆ ಮರ್ಯಾದೆ, ಬೆವರನ್ನು ಬರೆದಿಟ್ಟರೆ ಸಣ್ಣತನ, ಇದು ಯಾವ ನ್ಯಾಯ?

ಮೂರನೆಯ ರಾತ್ರಿ ನಾದಿನಿ ಆ ಪುಸ್ತಕ ತಿರುವಿ ಹಾಕಿ, 'ರೊಟ್ಟಿ ಬಡದವರ ಹೆಸರು ಎಲ್ಲಿ ಐತೋ' ಎಂದಳು. ದಿನಕ್ಕೆ ಹನ್ನೊಂದು ಜನರಿಗೆ ಎರಡು ಹೊತ್ತು, ನಾನೂ ನನ್ನ ನೆಗೆಣ್ಣಿಯೂ ಬೆಳಿಗ್ಗೆ ಐದಕ್ಕೆ ಒಲೆಯ ಮುಂದೆ ಕೂತರೆ ಅರವತ್ತು ಎಪ್ಪತ್ತು ರೊಟ್ಟಿ. ಮಗ ಆಗಲೇ ಬರೆದ. ಬರೆದದ್ದು ನೋಡಿ ನೆಗೆಣ್ಣಿಗೆ ಸಂಕೋಚ, 'ಅದನ್ಯಾಕ ಬರೀತಿ, ದಿನಾ ಮಾಡೂದ ಅಲ್ಲೇನು' ಎಂದಳು. ದಿನಾ ಮಾಡುವುದು ಎಂಬ ಆ ಮಾತಿಗೆ ಏನು ಉತ್ತರ ಕೊಡಬೇಕೆಂದು ನನಗೆ ಈಗಲೂ ತೋಚಿಲ್ಲ. ಮರುದಿನ ನಾನೇ ಹೋಗಿ ರೊಟ್ಟಿ ಮಾರುವ ಹೆಂಗಸರ ಹತ್ತಿರ ಮಧ್ಯಾಹ್ನದ ರೊಟ್ಟಿಗೆ ಹೇಳಿ ಬಂದೆ. ಹಣ ಕೊಟ್ಟು ಪಡೆದ ರೊಟ್ಟಿ ಯಾರ ಗಂಟಲಲ್ಲೂ ಸಿಕ್ಕಿಕೊಳ್ಳಲಿಲ್ಲ.

ಅಜ್ಜನ ಅಪ್ಪನ ಹೆಸರನ್ನೂ ಬರೆಯಬೇಕೆಂದು ಮಗನಿಗೆ ಮನಸ್ಸಿತ್ತು. ಯಾವ ಪಟ್ಟಿಯಲ್ಲಿ ಬರೆಯುವುದು? ಕೂಲಿಯವರ ಕಡೆ ಬರೆದರೆ ಕೂಲಿ ಕೊಟ್ಟಿಲ್ಲ. ಮುಯ್ಯಿಯ ಕಡೆ ಬರೆದರೆ ಅದು ಸುಳ್ಳಾಗುತ್ತದೆ. 1938ರ ಒಂದು ದಿನದ ಕೂಲಿ ಎಷ್ಟಿತ್ತು, ಬಡ್ಡಿ ಹಾಕಿ ಎಷ್ಟಾಗುತ್ತದೆ ಎಂದು ಅವನು ಲೆಕ್ಕಕ್ಕೂ ಕೂತ. ನಾನು ಬಿಡಿಸಿದೆ. ಸತ್ತವನಿಗೆ ಕೊಡಲಾಗುವುದಿಲ್ಲ, ಕೊಟ್ಟುಬಿಟ್ಟೆವು ಎಂಬ ನೆಮ್ಮದಿ ನಮಗೆ ಸಿಗುವುದೂ ಸರಿಯಲ್ಲ. ಅಜ್ಜನಿಗೆ ಏನಾದರೂ ಬೇಕೇ ಎಂದು ಹೋಗಿ ಕೇಳು ಎಂದೆ, ಬೇಡ ಎಂದರೆ ಸುಮ್ಮನೆ ಬಾ. ಅಜ್ಜ ಬೇಡ ಎನ್ನಲಿಲ್ಲ. ಹತ್ತನೇ ತರಗತಿ ನಪಾಸಾದ ಮೊಮ್ಮಗನಿಗೆ ಮೋಟಾರು ಸುತ್ತುವುದು ಕಲಿಸು, ಆದರೆ ಸಂಬಳ ಕೊಡಬೇಕು, ಬರೀ ಕಲಿಸ್ತೀನಿ ಅಂತ ದುಡಿಸಿಕೊಳ್ಳಬಾರದು ಎಂದ. ಹುಡುಗ ನಾಲ್ಕು ತಿಂಗಳು ಬಂದ. ಕೈ ಚುರುಕಾಗಿತ್ತು, ಆದರೆ ಮನಸ್ಸು ನಿಲ್ಲಲಿಲ್ಲ, ಹುಬ್ಬಳ್ಳಿಗೆ ಮೊಬೈಲು ಅಂಗಡಿಗೆ ಹೋದ. ಪುಸ್ತಕದಲ್ಲಿ ಆ ಸಾಲು ಖಾಲಿಯೇ ಇದೆ.

ಮುಂದಿನ ಜನವರಿಯಲ್ಲಿ ನಾದಿನಿಯ ಫೋನು ಬಂತು, ಇವರಿಗೇ. ಮೆಣಸಿನಕಾಯಿ ಒಣಗಿದೆ, ತೊಟ್ಟು ಬಿಡಿಸಬೇಕು, ಆಳು ಸಿಗುತ್ತಿಲ್ಲ, 'ಅಣ್ಣಾ, ಮೂರು ದಿನ ಬರ್ತೀಯೇನು' ಎಂದಳು. ತೊಟ್ಟು ಬಿಡಿಸುವುದು ನಮ್ಮ ಕಡೆ ಹೆಂಗಸರೇ ಕೂತು ಮಾಡುವ ಕೆಲಸ. ಇವರು ಫೋನು ಹಿಡಿದು ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. 'ಬರ್ತೀನಿ' ಎಂದರು. ಎರಡು ದಿನ ಹೆಂಗಸರ ಸಾಲಿನಲ್ಲಿ ಕೂತು ಬಿಡಿಸಿ, ಉರಿಯುವ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಕಣ್ಣು ಕೆಂಪು ಮಾಡಿಕೊಂಡು ಮನೆಗೆ ಬಂದರು. ಅವತ್ತು ರಾತ್ರಿಯೇ ಮತ್ತೆ ಫೋನು. ನಾನು ಎತ್ತಿಕೊಂಡೆ. 'ವೈನೀ, ಅಣ್ಣಗ ಹೇಳು, ಇನ್ನ ಒಂದು ದಿನ ಬಾಕಿ ಐತಿ' ಎಂದಳು.